ಬಣ್ಣದ ಬೊಂಬೆ: ಅಂದದೊಂದಿಗೆ ಸುರಕ್ಷೆಯೂ ಇರಲಿ

ಹೊರನಾಡ ಕನ್ನಡಿಗರಿಗೆ ಚನ್ನಪಟ್ಟಣದ ಬೊಂಬೆಯೆಂದರೆ ತವರಿನ ಅಭಿಮಾನ. ಆಲೆ ಮರಕ್ಕೆ ಅರಗು, ಸಸ್ಯಜನ್ಯ ಬಣ್ಣ ಲೇಪಿಸುವುದು ಅಲ್ಲಿನ ಸಂಪ್ರದಾಯ. ಆದರೆ ಬಣ್ಣದ ಮರದ ಆಟಿಕೆಗಳೆಲ್ಲ ಹಾಗಿರುವುದಿಲ್ಲ. ಎಳೆಯ ಮಕ್ಕಳು ಕೈಗೆ ಸಿಕ್ಕಿದ್ದನ್ನು ಬಾಯಿಗಿಡುತ್ತಾರೆ. ಬಣ್ಣದಲ್ಲಿ ಸೀಸವಿದ್ದರೆ ಅದು ಮಿದುಳಿನ ಬೆಳವಣಿಗೆಗೆ ಮಾರಕ; ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ.

2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾದರೂ ನೋಂದಾಯಿತ ಕುಶಲಕರ್ಮಿಗಳ ತಯಾರಿಕೆಗೆ ವಿನಾಯಿತಿ ನೀಡಲಾಯಿತು. ಬಡ ಕುಶಲಕರ್ಮಿಯ ಹಿತದೃಷ್ಟಿಯಿಂದ ಇದು ಸರಿ. ಆದರೆ ಗುರುತಿಲ್ಲದೆಡೆ ಮಾರುವವರ ಮಾತೇ ಆಧಾರ. ಆದ್ದರಿಂದ ರಾಜ್ಯೋತ್ಸವದಂದು ಮಳಿಗೆಗಳಿಗೆ ಜಾಗ ಕೊಡುವ ಸಂಘಗಳು ತಯಾರಕರು ಯಾರು, ಬಳಸಿದ ಬಣ್ಣ ಯಾವುದೆಂದು ಮೊದಲೇ ವಿಚಾರಿಸಲಿ. ಕಳಚುವ ಸಣ್ಣ ಬಿಡಿಭಾಗಗಳಿರುವ ಬೊಂಬೆ ಮೂರು ವರ್ಷದೊಳಗಿನವರಿಗೆ ಸಲ್ಲದೆಂದು ಪೋಷಕರಿಗೂ ತಿಳಿಹೇಳಲಿ. ಪ್ರಾಮಾಣಿಕ ಕುಶಲಕರ್ಮಿಗೂ ಇದರಿಂದ ಒಳಿತೇ.