ಎಂಬತ್ತನೆಯ ಕೌಂಟರ್

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ನನ್ನ ಬ್ಯಾಂಕ್ ನೌಕರಿ ಈ ಐದು ಊರು ಸುತ್ತುವುದರಲ್ಲೇ ಮುಗಿಯಿತು. ವರ್ಗವಾದಲ್ಲೆಲ್ಲ ನನ್ನಾಕೆ ಅಕ್ಕಪಕ್ಕದವರಿಂದ ಕಲಿತ ಅಡುಗೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಕೊಟ್ಟೂರಿನಲ್ಲಿದ್ದಾಗ ಬರೆದ ಮಂಡಕ್ಕಿ ಒಗ್ಗರಣೆಯ ಹಾಳೆಯಲ್ಲಿ ಎಣ್ಣೆಯ ಕಲೆ ಇನ್ನೂ ಇದೆ. ಈಗ ಅಂಚುಗಳನ್ನು ಹುಳು ತಿಂದಿದೆ. ಅವಳ ನೆನಪೂ ಎರಡು ವರ್ಷದಿಂದ ಹಾಗೆಯೇ, ಅಂಚಿನಿಂದ ಕರಗುತ್ತಿದೆ.

ರಜೆಗೆ ಬಂದ ಮೊಮ್ಮಗಳು, "ತಾತಾ, ಇದನ್ನ ವೆಬ್‌ಸೈಟ್ ಮಾಡೋಣ" ಅಂದಳು. ಅಜ್ಜಿ ಒಪ್ಪಲಿಲ್ಲ. "ಬ್ಯಾಡವಾ, ಅದ್ರಾಗ ಮನಿ ಮಾತು ಐತಿ. ಊರಿಗೆಲ್ಲ ತೋರಿಸೋದಲ್ಲ."

"ಸರಿ, ಮನೆಯೊಳಗೇ ಇರೋ ವೆಬ್‌ಸೈಟ್ ಮಾಡ್ತೀವಿ" ಅಂದಳು ಹುಡುಗಿ.

ಮಕ್ಕಳೇ, ಸರ್ವರ್ ಎಂದರೆ ಎಲ್ಲೋ ದೂರದ ದೊಡ್ಡ ಯಂತ್ರ ಅಂದುಕೊಂಡಿದ್ದೆ. ಅಲ್ಲವಂತೆ. ನೀವು ಚೀಟಿ ಕೊಟ್ಟರೆ ನಾನು ಲೆಡ್ಜರ್ ತೆಗೆದು ತೋರಿಸುತ್ತಿದ್ದೆನಲ್ಲ, ಅಷ್ಟೇ ಅದರ ಕೆಲಸ. 1990ರಲ್ಲಿ ಟಿಮ್ ಬರ್ನರ್ಸ್-ಲೀ ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ನಡೆಸಿದ ಮೊದಲ ವೆಬ್ ಸರ್ವರ್ ಕೂಡ ಮೇಜಿನ ಮೇಲಿನ ಒಂದು ಕಂಪ್ಯೂಟರೇ. ಯಾರಾದರೂ ಆಫ್ ಮಾಡಿಬಿಟ್ಟಾರೆಂದು ಅದಕ್ಕೊಂದು ಎಚ್ಚರಿಕೆ ಚೀಟಿ ಅಂಟಿಸಿದ್ದರು.

ಜ್ಯಾಂಪ್ ಎಂಬ ಪುಕ್ಕಟೆ ಪೊಟ್ಟಣ ಹಾಕಿಕೊಂಡೆವು. ಅದರಲ್ಲಿ ಅಪಾಚೆ ಎಂಬ ಸರ್ವರ್ ಇರುತ್ತದೆ. 'ಎಚ್‌ಟಿಡಾಕ್ಸ್' ಫೋಲ್ಡರಿನಲ್ಲಿ ನಮ್ಮ 'ಅಡುಗೆ' ಫೋಲ್ಡರ್ ಇಟ್ಟು ಸ್ಟಾರ್ಟ್ ಒತ್ತಿದರೆ, ಕೆಂಪು ಅಕ್ಷರ! ವೆಬ್ ಪುಟ ಕೇಳುವವರು ಬರುವುದು 80ನೇ ಪೋರ್ಟಿಗೆ. ಅಲ್ಲಿ ಆಗಲೇ ಬೇರೊಂದು ಪ್ರೋಗ್ರಾಂ ಕೂತಿತ್ತು. ಒಂದೇ ಕೌಂಟರಿನಲ್ಲಿ ಇಬ್ಬರು ಗುಮಾಸ್ತರು ಕೂರುವುದುಂಟೆ? ಇದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಅಪಾಚೆಯ ಸೆಟ್ಟಿಂಗ್ ಫೈಲಿನಲ್ಲಿ 80 ಇದ್ದದ್ದನ್ನು 8080 ಮಾಡಿದೆವು. ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್, ಕೋಲನ್, 8080 ಎಂದು ಹೊಡೆದರೆ ಪುಟ ಬಂತು. ಲೋಕಲ್‌ಹೋಸ್ಟ್ ಅಂದರೆ 127.0.0.1, ಕಂಪ್ಯೂಟರ್ ತನ್ನನ್ನೇ ಕರೆದುಕೊಳ್ಳುವ ವಿಳಾಸ. ಇಂಟರ್‌ನೆಟ್ ಇಲ್ಲದಿದ್ದರೂ ನಡೆಯುತ್ತದೆ.

ಪುಟವೇನೋ ಬಂತು, ಕನ್ನಡ ಬರಲಿಲ್ಲ. ನಾನು ಹಿಂದೆ ಹಳೇ ಫಾಂಟಿನಲ್ಲಿ ಟೈಪ್ ಮಾಡಿಟ್ಟದ್ದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿತ್ತು. ಆ ಫಾಂಟುಗಳು ಇಂಗ್ಲಿಷಿನ ಸಂಕೇತಗಳಿಗೆ ಕನ್ನಡದ ವೇಷ ಹಾಕುತ್ತಿದ್ದವು. ವೇಷ ಕಳಚಿದರೆ ಇದೇ ಗತಿ. ಯೂನಿಕೋಡಿನಲ್ಲಿ 'ಕ'ಗೆ ಅದರದೇ ಸಂಖ್ಯೆ ಇದೆ, 3221. ಎಲ್ಲವನ್ನೂ ಯೂನಿಕೋಡಿನಲ್ಲಿ ಹೊಸದಾಗಿ ಟೈಪ್ ಮಾಡಿದೆ. ನಾಲ್ಕು ದಿನ ಹಿಡಿಯಿತು, ಬೆನ್ನು ಹಿಡಿದದ್ದು ಬೇರೆ.

ಕೊನೆಗೆ ಫೋನು. ಮನೆಯ ವೈಫೈಗೆ ಸೇರಿದ ಫೋನಿನಲ್ಲಿ 192.168 ಎಂದು ಶುರುವಾಗುವ ಕಂಪ್ಯೂಟರಿನ ನಂಬರ್, ಜೊತೆಗೆ 8080 ಹಾಕಿದರೆ ಅದೇ ಪುಟ. ಫೈರ್‌ವಾಲ್ ಅನುಮತಿ ಕೇಳಿದಾಗ ಮನೆಯ ನೆಟ್‌ವರ್ಕಿಗೆ ಮಾತ್ರ ಒಪ್ಪಿದೆವು. (ಲಾಡ್ಜು, ರೈಲು ನಿಲ್ದಾಣದ ವೈಫೈನಲ್ಲಿ ಹೀಗೆ ಮಾಡಬೇಡಿ.) ಕಂಪ್ಯೂಟರ್ ಕೆಟ್ಟರೆ ಎಲ್ಲ ಹೋದಂತೆ, ಹಾಗಾಗಿ ಪೆನ್‌ಡ್ರೈವಿಗೂ ಒಂದು ಪ್ರತಿ ಹಾಕಿದೆ.

ಅಡುಗೆಮನೆಯಲ್ಲಿ ಅವಳ ಕೈಗೆ ಫೋನ್ ಕೊಟ್ಟೆ. ಅಕ್ಷರ ದೊಡ್ಡದು ಮಾಡಿದ್ದೆವು. ಓದಿದಳು.

"ಯಾರು ಬರದದ್ದಿದು?"

"ನೀನೇ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಮತ್ತೆ ಓದಿ, "ಉಪ್ಪು ತಪ್ಪೈತಿ ನೋಡ್ರಿ. ಒಂದು ಚಮಚ ಅಲ್ಲ, ಅರ್ಧ" ಅಂದಳು.

ನೋಟ್‌ಬುಕ್ ತೆಗೆದು ನೋಡಿದೆ. ಅರ್ಧ ಎಂದೇ ಇತ್ತು, ಟೈಪಿಂಗ್ ತಪ್ಪು ನನ್ನದು. ಮೊಮ್ಮಗಳು ಆಚೆ ಕೋಣೆಯಲ್ಲಿ ಫೈಲ್ ತಿದ್ದಿ ಸೇವ್ ಮಾಡಿ, "ಅಜ್ಜೀ, ರಿಫ್ರೆಶ್ ಮಾಡು" ಎಂದು ಕೂಗಿದಳು.

ಹರಪನಹಳ್ಳಿಯ ಹಾಳೆಗಳು ಇನ್ನೂ ಬಾಕಿ ಇವೆ.