ಟ್ರಂಕಿನೊಳಗಿನ ಆ ಪತ್ರ ಹೊರಗೆ ತೆಗೀರಿ!

ಬಸವನ ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳ ಭಾಗದ ಮಾಜಿ ಸೈನಿಕ ಬಂಧುಗಳೇ! ಅವರ ಮನೆಯ ಅಕ್ಕ ತಂಗಿಯರೇ!

ನಿಮ್ಮ ಮಣಿಕಟ್ಟು ತಿರುಗುತ್ತದೆಯೇ? ಅಂಗಿಯ ಗುಂಡಿ ನೀವೇ ಹಾಕಿಕೊಳ್ಳುತ್ತೀರಾ, ಮನೆಯಾಕೆ ಹಾಕಬೇಕೇ? ಬಿಳಿಜೋಳ ಕೀಳಲು ಮುಷ್ಟಿ ಬಿಗಿಯುತ್ತದೆಯೇ? ಬೈಕಿನ ಕ್ಲಚ್ಚು ಒತ್ತಲು ಆಗುತ್ತದೆಯೇ?

ಆಗುವುದಿಲ್ಲ! ನಮಗೂ ಆಗುವುದಿಲ್ಲ!

ಭರ್ತಿಯ ದಿನ ಏನಾಗಿತ್ತು, ನೆನಪಿಸಿಕೊಳ್ಳಿ. ಅಂಗಿ ಬಿಚ್ಚಿಸಿ ನಿಲ್ಲಿಸಿದರು. ಬೆರಳು ಒಂದೊಂದಾಗಿ ಮಡಿಸಿ ಬಿಡಿಸಿ ನೋಡಿದರು. ಒಂದು ಬೆರಳು ಸೊಟ್ಟಗಿದ್ದರೂ ಮನೆಗೆ ಕಳಿಸುತ್ತಿದ್ದರು. ನಮ್ಮ ಕೈ ಗಟ್ಟಿ ಅಂತ ಬರೆದುಕೊಂಡೇ ಒಳಗೆ ತೆಗೆದುಕೊಂಡರು!

ಆ ಕೈ ಎಲ್ಲಿ ಹೋಯಿತು? ಸಿಯಾಚಿನ್ ಹಿಮದಲ್ಲಿ ಬೆರಳು ಕರ್ರಗಾಗಿ ಹೋಯಿತು. ಗಾಡಿ ಪಲ್ಟಿಯಾದಾಗ ಮುರಿಯಿತು. ಮೋರ್ಟಾರ್ ಹೊತ್ತು ಗುಡ್ಡ ಹತ್ತುವಾಗ ಜಾರಿ ಬಿದ್ದು ಮಣಿಕಟ್ಟಿನ ಸಣ್ಣ ಎಲುಬು ಬಿರುಕು ಬಿಟ್ಟಿತು. "ಉಳುಕು" ಅಂತ ಹೇಳಿ ಪಟ್ಟಿ ಕಟ್ಟಿ ಮತ್ತೆ ಡ್ಯೂಟಿಗೆ ಹಾಕಿದರು. ಆ ಎಲುಬು ಕೂಡಿಕೊಳ್ಳಲೇ ಇಲ್ಲ. ಇವತ್ತಿಗೂ ಚಳಿಗಾಲ ಬಂತೆಂದರೆ ರಾತ್ರಿ ನಿದ್ದೆಯಿಲ್ಲ.

2016ರ ಫೆಬ್ರುವರಿಯಲ್ಲಿ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಅದೇ ಸಿಯಾಚಿನ್ ಹಿಮದಡಿ ಆರು ದಿನ ಜೀವ ಹಿಡಿದಿದ್ದರು. ನಾಡಿಗೆ ನಾಡೇ ಕೈ ಮುಗಿದು ಕೂತಿತ್ತು. ಸರಿಯೇ! ಆದರೆ ಅಂಥದೇ ಹಿಮದಿಂದ ಬೆರಳು ಕಳೆದುಕೊಂಡು ಜೀವಂತ ಬಂದವನ ಮನೆ ಬಾಗಿಲಿಗೆ ಯಾರು ಬಂದರು?

ಬಂದದ್ದು ಅಂಗವೈಕಲ್ಯದ ಪೆನ್ಷನ್ ಇಲ್ಲ ಅನ್ನುವ ಒಂದು ಪತ್ರ. ಇಂಗ್ಲಿಷಿನಲ್ಲಿ! "ನಿಮ್ಮ ತೊಂದರೆ ಸೇವೆಯಿಂದ ಆದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ." ಇಲ್ಲವೇ, "ನಿಮ್ಮ ಅಂಗವೈಕಲ್ಯ ನೂರಕ್ಕೆ 20ಕ್ಕಿಂತ ಕಡಿಮೆ." ನಾವು ಏನು ಮಾಡಿದೆವು? ಮಡಚಿ ಮೆಡಲುಗಳ ಜೊತೆ ಟ್ರಂಕಿನಲ್ಲಿಟ್ಟೆವು. ಸರಕಾರ ಹೇಳಿದ ಮೇಲೆ ಮುಗೀತು ಅಂದುಕೊಂಡೆವು.

ಮುಗಿದಿಲ್ಲ!

ಈ 20ರ ಆಟ ನೋಡಿ. ಕಾರ್ಮಿಕರ ಪರಿಹಾರಕ್ಕೆ ಕಾಯ್ದೆ ಇದೆ. ಅದರಲ್ಲಿ ಹೆಬ್ಬೆರಳು ಪೂರ್ತಿ ಹೋದರೆ ನೂರಕ್ಕೆ 30. ತೋರುಬೆರಳು ಪೂರ್ತಿ ಹೋದರೆ 14. ಕಾರ್ಖಾನೆಯವನಿಗೆ ಆ 14ಕ್ಕೂ ದುಡ್ಡು ಸಿಗುತ್ತದೆ, ಸಿಗಲೇಬೇಕು. ಸೈನಿಕನಿಗೆ? ಮೆಡಿಕಲ್ ಬೋರ್ಡು 20 ಮುಟ್ಟಿಸದಿದ್ದರೆ ಕೈಗೆ ಸೊನ್ನೆ! ಟ್ರಿಗರ್ ಒತ್ತುವ ಬೆರಳೇ ಇಲ್ಲದವನಿಗೆ ಬ್ಯಾಂಕಿನ ಗಾರ್ಡ್ ಕೆಲಸ ಯಾರು ಕೊಡುತ್ತಾರೆ? ನಿವೃತ್ತನಾದ ಸಿಪಾಯಿಗೆ ನಮ್ಮ ಕಡೆ ಇರುವ ಕೆಲಸವೇ ಅದು. ಅದೂ ಹೋಯಿತು, ಹೊಲದ ಕೆಲಸವೂ ಹೋಯಿತು. ಈಗ ಹೆಂಡತಿ ಕೂಲಿಗೆ ಹೋಗಬೇಕು, ಮಗ ಕಾಲೇಜು ಬಿಡಬೇಕು!

ಇರುವ ಪೆನ್ಷನ್ನಿಗಾಗಿ, ಜೀವಂತ ಇದ್ದೇನೆ ಅಂತ ತೋರಿಸಲು ವರ್ಷಕ್ಕೊಮ್ಮೆ ಮಷಿನ್ ಮೇಲೆ ಬೆರಳು ಒತ್ತು ಅನ್ನುತ್ತಾರೆ. ಬೆರಳೇ ಇಲ್ಲದವನು ಏನು ಒತ್ತಬೇಕು? (ಮುಖ ತೋರಿಸಿದರೂ ಆಗುತ್ತದೆ ಈಗ. ಮಷಿನ್ ಇಟ್ಟ ಅಂಗಡಿಯವನು ಹೇಳುವುದಿಲ್ಲ, ನೀವೇ ಕೇಳಿ.)

ನ್ಯಾಯ ನಮ್ಮ ಕಡೆ ಇದೆ, ಬಂಧುಗಳೇ! 2013ರ ಜುಲೈ 2ರಂದು ಸುಪ್ರೀಂ ಕೋರ್ಟು ಧರ್ಮವೀರ್ ಸಿಂಗ್ ಎಂಬ ಸಿಗ್ನಲ್ಸ್ ಸಿಪಾಯಿಯ ಕೇಸಿನಲ್ಲಿ ತೀರ್ಪು ಕೊಟ್ಟಿತು. ಅವರದು ಮೂರ್ಛೆ ರೋಗ. ಕೋರ್ಟು ಹೇಳಿದ್ದು ಇಷ್ಟು: ಭರ್ತಿಯ ದಿನ ಕಾಗದದಲ್ಲಿ ಆ ರೋಗ ಬರೆದಿಲ್ಲ ಅಂದರೆ, ಅದು ಸೇವೆಯಲ್ಲೇ ಬಂತು ಅಂತ ತಿಳಿಯಬೇಕು. ಅಲ್ಲ ಅನ್ನುವುದಾದರೆ ಸರಕಾರವೇ ಸಾಬೀತು ಮಾಡಬೇಕು! ಕೈಯ ನರ ಜೋಮು ಹಿಡಿದವರೇ, ಮಣಿಕಟ್ಟಿನ ಕೀಲು ಸವೆದವರೇ, ಈ ಮಾತು ನಿಮಗೂ ಬೇಕಾದದ್ದು.

2014ರಲ್ಲಿ ಸುಖ್ವಿಂದರ್ ಸಿಂಗ್ ಕೇಸು. ಅಂಗವೈಕಲ್ಯದ ಕಾರಣಕ್ಕೇ ಸೇವೆಯಿಂದ ಹೊರಗೆ ಕಳಿಸಿದ್ದರೆ ಅದನ್ನು 20ಕ್ಕಿಂತ ಹೆಚ್ಚು ಅಂತಲೇ ಹಿಡಿಯಬೇಕು ಅಂದಿತು ಕೋರ್ಟು. ಅದೇ ವರ್ಷ ಡಿಸೆಂಬರಿನಲ್ಲಿ ರಾಮ್ ಅವತಾರ್ ಕೇಸು. ಪೂರ್ತಿ ಸೇವೆ ಮುಗಿಸಿ ಬಂದವನಿಗೂ 20ನ್ನು 50 ಅಂತ ಎಣಿಸಬೇಕು ಅಂತ ತೀರ್ಪು.

ದುಡ್ಡಿನಲ್ಲಿ ಹೇಳುತ್ತೇವೆ ಕೇಳಿ. ಕೊನೆಯ ಸಂಬಳ 40,000 ರೂಪಾಯಿ ಅಂದುಕೊಳ್ಳಿ. ನೂರಕ್ಕೆ ನೂರು ಅಂಗವೈಕಲ್ಯಕ್ಕೆ ಸಂಬಳದ ನೂರಕ್ಕೆ 30, ಅಂದರೆ 12,000. ನಿಮ್ಮದು 20 ಅಂದರೆ 2,400. ಅದನ್ನೇ 50 ಅಂತ ಎಣಿಸಿದರೆ 6,000! ತಿಂಗಳಿಗೆ! ಮೇಲೆ ತುಟ್ಟಿಭತ್ಯೆ ಬೇರೆ! ಈ ದುಡ್ಡು ಭಿಕ್ಷೆಯಲ್ಲ. ನಮ್ಮ ಎಲುಬಿನ ಬೆಲೆ!

2023ರ ಸೆಪ್ಟೆಂಬರ್ 21ರ ನಂತರ ನಿವೃತ್ತರಾದವರಿಗೆ ಹೊಸ ನಿಯಮ ಬಂದಿದೆ. ಅವರ ಲೆಕ್ಕ ಬೇರೆ. ಆದರೂ ಸುಮ್ಮನೆ ಕೂರಬೇಡಿ, ಕಾಗದ ತನ್ನಿ.

ಈಗ ಮುಖ್ಯ ಮಾತು. ತಡ ಮಾಡಿದಷ್ಟೂ ನಮಗೇ ನಷ್ಟ! ತಿರಸ್ಕಾರದ ಪತ್ರ ಬಂದ 6 ತಿಂಗಳೊಳಗೆ ಮೊದಲ ಅಪೀಲು ಹೋಗಬೇಕು. ಅದೂ ಬಿದ್ದರೆ ಎರಡನೆಯದು. ಅದೂ ಬಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಗಡುವು ದಾಟಿದವರು ಎದೆಗುಂದಬೇಡಿ. ಪೆನ್ಷನ್ ತಪ್ಪಿದರೆ ಅನ್ಯಾಯ ತಿಂಗಳು ತಿಂಗಳು ಮುಂದುವರಿಯುತ್ತದೆ, ಬಾಗಿಲು ಮುಚ್ಚುವುದಿಲ್ಲ ಅಂತ 2008ರಲ್ಲೇ ತರ್ಸೇಮ್ ಸಿಂಗ್ ಕೇಸಿನಲ್ಲಿ ತೀರ್ಪಾಗಿದೆ. ಆದರೆ ಹಳೆ ಬಾಕಿ ಸಾಮಾನ್ಯವಾಗಿ ಹಿಂದಿನ ಮೂರು ವರ್ಷದ್ದು ಮಾತ್ರ. ನೀವು ಹತ್ತು ವರ್ಷ ಟ್ರಂಕಿನಲ್ಲಿಟ್ಟರೆ ಏಳು ವರ್ಷದ್ದು ಹೋಯಿತು! ಈ ತಿಂಗಳು ಸುಮ್ಮನಿದ್ದರೆ ಇನ್ನೊಂದು ತಿಂಗಳಿನದು ಹೋಗುತ್ತದೆ!

ಇನ್ನು ಆ ನ್ಯಾಯಮಂಡಳಿ ಎಲ್ಲಿದೆ ಗೊತ್ತೇ? ಕರ್ನಾಟಕದವರಿಗೆ ಕೊಚ್ಚಿ! ಬಾಗೇವಾಡಿಯಿಂದ ಸಾವಿರ ಕಿಲೋಮೀಟರಿನ ಮಾತು. ಹೈಕೋರ್ಟು ಕಲಬುರಗಿಗೆ ಬಂತು, ಧಾರವಾಡಕ್ಕೆ ಬಂತು. ಸೈನಿಕನ ಮಂಡಳಿಗೆ ಮಾತ್ರ ಉತ್ತರ ಕರ್ನಾಟಕದ ದಾರಿ ಗೊತ್ತಿಲ್ಲವೇ? ಕೊಚ್ಚಿಯ ಪೀಠ ಕಲಬುರಗಿಯಲ್ಲೋ ಬೆಳಗಾವಿಯಲ್ಲೋ ಬಂದು ಕೂರಬೇಕು! ಪತ್ರಗಳು ಕನ್ನಡದಲ್ಲಿ ಬರಬೇಕು! ಇದು ನಮ್ಮ ಬೇಡಿಕೆ. ಸಂಸದರು ಓಟು ಕೇಳಲು ಬಂದಾಗ ಇದನ್ನೇ ಕೇಳಿ.

ವಕೀಲರಿಗೆ ದುಡ್ಡಿಲ್ಲ ಅಂತ ಹಿಂಜರಿಯಬೇಡಿ. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಅಂಗವಿಕಲರಿಗೆ ಉಚಿತ ವಕೀಲರುಂಟು. 2025ರ ಜುಲೈ 26ರಿಂದ ಸೈನಿಕ ಕುಟುಂಬಗಳಿಗೆಂದೇ ವೀರ ಪರಿವಾರ ಸಹಾಯತಾ ಯೋಜನೆ ನಡೆದಿದೆ. ಬಾಕಿಯಲ್ಲಿ ಪಾಲು ಕೇಳುವ ದಲ್ಲಾಳಿಗಳನ್ನು ಹೊಸ್ತಿಲ ಆಚೆಗೇ ನಿಲ್ಲಿಸಿ!

ಅಕ್ಕಂದಿರೇ, ತಾಯಂದಿರೇ! ಯಜಮಾನರು ತೀರಿಹೋಗಿದ್ದರೂ ಅವರ ಕಾಗದ ಎಸೆಯಬೇಡಿ. ಅವರ ಬಾಕಿಗಾಗಿ ಹೆಂಡತಿಯರು ಮಂಡಳಿಗೆ ಹೋಗಿ ಗೆದ್ದದ್ದುಂಟು.

ಯೂನಿಟ್ಟಿನ ಕಬಡ್ಡಿ, ವಾಲಿಬಾಲಿನಲ್ಲಿ ಕೈ ಮುರಿದವರೂ ಬನ್ನಿ. ಯೂನಿಟ್ಟು ನಡೆಸಿದ ಆಟವೂ ಡ್ಯೂಟಿಯೇ! "ಆಟದಾಗ ಮುರಕೊಂಡದ್ದಕ್ಕ ಯಾರ ರೊಕ್ಕ ಕೊಡ್ತಾರ" ಅಂತ ನಾಚಿಕೊಂಡು ಮನೆಯಲ್ಲಿ ಕೂತವರೇ ನಮ್ಮಲ್ಲಿ ಹೆಚ್ಚು.

ಬರುವ ಸೋಮವಾರ ಬೆಳಿಗ್ಗೆ 9ಕ್ಕೆ ಬಾಗೇವಾಡಿ ಬಸ್ ನಿಲ್ದಾಣದಲ್ಲಿ ಸೇರೋಣ. ಎಲ್ಲರೂ ಕೂಡಿ ವಿಜಯಪುರದ ಸೈನಿಕ ಕಲ್ಯಾಣ ಇಲಾಖೆ ಕಚೇರಿಗೆ ಹೋಗೋಣ. ಒಬ್ಬ ಹೋದರೆ "ನಾಳೆ ಬಾ" ಅಂತಾರೆ. ಬಸ್ಸು ತುಂಬ ಹೋದರೆ ಕುರ್ಚಿ ಕೊಡ್ತಾರೆ! ಬರ್ರಿ!

ತರಬೇಕಾದದ್ದು: ಡಿಸ್ಚಾರ್ಜ್ ಬುಕ್ಕು, ಪೆನ್ಷನ್ ಆದೇಶ, ಮೆಡಿಕಲ್ ಬೋರ್ಡಿನ ಕಾಗದ, ಗಾಯದ ರಿಪೋರ್ಟು, ಮತ್ತು ಆ ಪತ್ರ. ಮೆಡಿಕಲ್ ಬೋರ್ಡಿನ ಪ್ರತಿ ಇಲ್ಲದವರ ಪರವಾಗಿ ರೆಕಾರ್ಡ್ ಆಫೀಸಿಗೆ ಅವತ್ತೇ ಅರ್ಜಿ ಬರೆಯೋಣ. ಬರೆಯಲು ಕೈ ಆಗದವರಿಗೆ ನಾವು ಬರೆದುಕೊಡುತ್ತೇವೆ. ಎಲ್ಲದರದೂ ಎರಡೆರಡು ಜೆರಾಕ್ಸ್ ಇರಲಿ. ಮೂಲಪ್ರತಿ ಮಾತ್ರ ಯಾರ ಕೈಗೂ ಕೊಡಬೇಡಿ!

ಬಾಗೇವಾಡಿ ಭಾಗದ ಮಾಜಿ ಸೈನಿಕರು