‘ಕಣ್ಣು ಮುಚ್ಚಿ ತಗೋರಿ’: ಲ್ಯಾಪ್‌ಟಾಪ್, ಟಿವಿ ಕೊಳ್ಳುವಾಗ ಗೆಳೆಯರ ಸಲಹೆಯನ್ನು ಎಷ್ಟು ನಂಬಬಹುದು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ವಿಜಯಪುರ ಜಿಲ್ಲೆಯ ಈ ತಾಲ್ಲೂಕುಗಳ ಯಾವುದೇ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಒಂದು ಪ್ರಶ್ನೆ ಹಾಕಿ ನೋಡಿ: ‘ಮಗನಿಗೆ ಲ್ಯಾಪ್‌ಟಾಪ್ ಕೊಡಿಸಬೇಕು, ಯಾವುದು ತಗೋಳೂಣ್ರಿ?’ ಹತ್ತು ನಿಮಿಷದಲ್ಲಿ ಹತ್ತು ಉತ್ತರ ಬರುತ್ತವೆ. ‘ಐ7 ತಗೋರಿ.’ ‘ಆ ಕಂಪನಿ ಬ್ಯಾಡ್ರಿ, ನಮ್ಮ ಅಳಿಯಂದು ಆರು ತಿಂಗಳಿಗೆ ಕೆಟ್ಟತು.’ ‘ನಾ ತಗೊಂಡು ಒಂದ ವರ್ಷ ಆತು, ಏನೂ ಆಗಿಲ್ಲ. ಕಣ್ಣ ಮುಚ್ಚಿ ತಗೋರಿ.’

ಉತ್ತರ ಕೊಟ್ಟವರು ಸುಳ್ಳು ಹೇಳುತ್ತಿಲ್ಲ, ಅವರಿಗೆ ಕಮಿಷನ್ನೂ ಇಲ್ಲ. ಆದರೂ ಆ ಸಲಹೆಯಂತೆ ಕೊಂಡ ವಸ್ತು ಎಷ್ಟೋ ಸಲ ನಮ್ಮ ಕೆಲಸಕ್ಕೆ ಬರುವುದಿಲ್ಲ. ಯಾಕೆ ಹೀಗಾಗುತ್ತದೆ? ಗೆಳೆಯರನ್ನು ಏನು ಕೇಳಬೇಕು, ಯಾವುದನ್ನು ನಾವೇ ನೋಡಿಕೊಳ್ಳಬೇಕು?

ನಮ್ಮ ಮನೆಯಲ್ಲೇ ಆದದ್ದು

ನನ್ನ ತಂಗಿ ಡಿಗ್ರಿ ಸೇರಿದ ವರ್ಷ ತೊಗರಿ ಮಾರಿದ ದುಡ್ಡಿನಲ್ಲಿ ಅವಳಿಗೊಂದು ಲ್ಯಾಪ್‌ಟಾಪ್ ಕೊಡಿಸಿದೆವು. ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮ ಚಿಕ್ಕಪ್ಪನ ಮಗ ‘ಐ7 ಇದ್ದರೆ ಐದು ವರ್ಷ ಚಿಂತೆ ಇಲ್ಲ’ ಎಂದಿದ್ದ. ಹೊಸ ಐ7 ನಮ್ಮ ಕೈಗೆ ಎಟುಕುವಂತಿರಲಿಲ್ಲ. ಸೆಕೆಂಡ್ ಹ್ಯಾಂಡ್ ಐ7 ಸಿಕ್ಕಿತು, ತಂದೆವು. ಎರಡೇ ವರ್ಷದಲ್ಲಿ ಅದಕ್ಕೆ ವಿಂಡೋಸ್ 11 ಹಾಕಿಸಲು ಹೋದಾಗ ‘ಈ ಪ್ರೊಸೆಸರ್‌ಗೆ ಆಗೋದಿಲ್ಲ’ ಎಂಬ ಉತ್ತರ ಬಂತು. ತಂಗಿಯ ಪ್ರಾಜೆಕ್ಟ್ ಕೆಲಸವೆಲ್ಲ ಗೆಳತಿಯ ಲ್ಯಾಪ್‌ಟಾಪಿನಲ್ಲಿ ಮುಗಿಯಿತು.

ಅಣ್ಣನ ಮಾತು ತಪ್ಪಾಗಿತ್ತೇ? ಅವನು ಆಫೀಸಿನಲ್ಲಿ ಬಳಸುತ್ತಿದ್ದದ್ದು ಹೊಸ ತಲೆಮಾರಿನ ಐ7. ನಾವು ತಂದದ್ದು ಐ7-4600ಯು, ಅಂದರೆ 2013ರ ನಾಲ್ಕನೇ ತಲೆಮಾರಿನ ಪ್ರೊಸೆಸರ್. ‘ಐ7’ ಎಂಬ ಉತ್ತರ ಬೆಂಗಳೂರಿನಿಂದ ನಮ್ಮೂರಿಗೆ ಬಂತು. ‘ಹೊಸದಾದರೆ’ ಎಂಬ ಷರತ್ತು ದಾರಿಯಲ್ಲೇ ಉಳಿಯಿತು.

ಬಾಯಿಮಾತಿನ ಸಲಹೆಗಳಲ್ಲಿ ಆಗುವ ಮುಖ್ಯ ತೊಂದರೆ ಇದೇ. ಸಲಹೆ ಕೊಟ್ಟವರ ಅಗತ್ಯ, ಬಜೆಟ್, ಊರು, ಕೊಂಡ ವರ್ಷ ಇವೆಲ್ಲ ಬಿದ್ದುಹೋಗಿ ಬರೀ ಹೆಸರು ನಮಗೆ ತಲುಪುತ್ತದೆ.

ಜಾಹೀರಾತಿಗಿಂತ ಪರಿಚಿತರ ಮಾತೇ ಯಾಕೆ ನಾಟುತ್ತದೆ?

ಇದು ನಮ್ಮ ಭಾಗದವರ ಗುಣವಷ್ಟೇ ಅಲ್ಲ. 1945ರಲ್ಲಿ ಅಮೆರಿಕದ ಡಿಕೇಟರ್ ಎಂಬ ಊರಿನಲ್ಲಿ ಸುಮಾರು 800 ಮಹಿಳೆಯರನ್ನು ಮಾತಾಡಿಸಿ ಒಂದು ಅಧ್ಯಯನ ಮಾಡಲಾಯಿತು. ಅದನ್ನು ಆಧರಿಸಿ ಎಲಿಹು ಕಾಟ್ಜ್ ಮತ್ತು ಪಾಲ್ ಲಾಜರ್ಸ್‌ಫೆಲ್ಡ್ 1955ರಲ್ಲಿ ಪುಸ್ತಕ ಬರೆದರು. ಮನೆಗೆ ಬೇಕಾದ ಸಾಮಾನು ಕೊಳ್ಳುವಾಗ ಜಾಹೀರಾತಿಗಿಂತ ಪರಿಚಿತರ ಮಾತೇ ಹೆಚ್ಚು ಪ್ರಭಾವ ಬೀರುತ್ತದೆ ಎಂಬುದು ಅದರಲ್ಲಿ ಕಂಡ ಒಂದು ಸಂಗತಿ. ಇನ್ನೊಂದು ಸಂಗತಿಯೂ ಇತ್ತು: ಒಂದು ವಿಷಯದಲ್ಲಿ ಎಲ್ಲರೂ ಸಲಹೆ ಕೇಳುವ ವ್ಯಕ್ತಿ ಬೇರೆ ವಿಷಯದಲ್ಲೂ ತಿಳಿದವರಾಗಿರಬೇಕೆಂದಿಲ್ಲ. ಮೊಬೈಲ್ ಬಗ್ಗೆ ಚೆನ್ನಾಗಿ ಗೊತ್ತಿರುವ ಹುಡುಗನಿಗೆ ಟಿವಿ ಬಗ್ಗೆಯೂ ಗೊತ್ತಿರುತ್ತದೆ ಎಂದು ನಾವೇ ಅಂದುಕೊಳ್ಳುತ್ತೇವೆ.

1957ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ಹೊಸದಾಗಿ ಕಾರು ಕೊಂಡವರ ಕುರಿತದ್ದು. ಅವರು ಕೊಳ್ಳದೆ ಬಿಟ್ಟ ಕಾರುಗಳ ಜಾಹೀರಾತಿಗಿಂತ ತಾವು ಕೊಂಡ ಕಾರಿನ ಜಾಹೀರಾತನ್ನೇ ಹೆಚ್ಚು ಓದುತ್ತಿದ್ದರು. ದುಡ್ಡು ಕೊಟ್ಟ ಮೇಲೆ ‘ನಾನು ಮಾಡಿದ್ದು ಸರಿ’ ಎಂಬ ಸಮಾಧಾನ ಮನಸ್ಸಿಗೆ ಬೇಕು. ‘ಕಣ್ಣು ಮುಚ್ಚಿ ತಗೋರಿ’ ಎನ್ನುವ ಗೆಳೆಯರಲ್ಲೂ ಸ್ವಲ್ಪ ಮಟ್ಟಿಗೆ ಈ ಸಮಾಧಾನದ ಹುಡುಕಾಟ ಇರುತ್ತದೆ.

ಇನ್ನು, ಒಬ್ಬರ ಟಿವಿ ಒಂದು ವರ್ಷ ಚೆನ್ನಾಗಿ ನಡೆಯಿತು ಎಂಬುದು ಒಂದು ಟಿವಿಯ ಕಥೆ. ಅಳಿಯನ ಲ್ಯಾಪ್‌ಟಾಪ್ ಆರು ತಿಂಗಳಿಗೆ ಕೆಟ್ಟದ್ದೂ ಹಾಗೆಯೇ. ಒಂದು ಜೋಳದ ತೆನೆ ನೋಡಿ ಇಡೀ ಹೊಲದ ಇಳುವರಿ ಹೇಳಲಾಗದು.

ಲ್ಯಾಪ್‌ಟಾಪ್: ಕೇಳಿಬರುವ ಮಾತು, ನಿಜ ಸಂಗತಿ

ಮಾತು: ಐ3ಗಿಂತ ಐ5, ಐ5ಗಿಂತ ಐ7 ಯಾವಾಗಲೂ ಮೇಲು.

ನಿಜ: ಒಂದೇ ತಲೆಮಾರಿನ, ಒಂದೇ ಬಗೆಯ ಪ್ರೊಸೆಸರ್‌ಗಳಲ್ಲಿ ಮಾತ್ರ ಈ ಹೋಲಿಕೆ ಸರಿ. ಐ7-4600ಯು ಪ್ರೊಸೆಸರ್‌ನಲ್ಲಿ 2 ಕೋರ್‌ಗಳಿವೆ. 2022ರಲ್ಲಿ ಬಂದ ಐ3-1215ಯುನಲ್ಲಿ 6 ಕೋರ್‌ಗಳಿವೆ. ಇಲ್ಲಿ ಹೊಸ ಐ3ಯೇ ಮೇಲು. ಗೆರೆಯ ನಂತರದ ಅಂಕಿ ನೋಡಿ: 4600 ಎಂದರೆ 4ನೇ ತಲೆಮಾರು, 1215 ಎಂದರೆ 12ನೇ ತಲೆಮಾರು. ಈಚಿನ ಕೆಲವು ಮಾದರಿಗಳಿಗೆ ‘ಕೋರ್ ಅಲ್ಟ್ರಾ’ದಂಥ ಬೇರೆ ಹೆಸರುಗಳಿವೆ. ಅಲ್ಲಿ ಈ ಲೆಕ್ಕ ನಡೆಯದು, ಪೂರ್ತಿ ಮಾದರಿ ಸಂಖ್ಯೆ ಕೇಳಿಕೊಂಡು ಹುಡುಕಿ ನೋಡಬೇಕು.

ಮಾತು: ಸೆಕೆಂಡ್ ಹ್ಯಾಂಡ್ ಕೊಂಡರೂ ಕೆಲಸ ನಡೆಯುತ್ತದೆ.

ನಿಜ: ನಡೆಯಬಹುದು, ಆದರೆ ಒಂದು ಗಡಿ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಆದರೆ, ಕೆಲವೇ ಅಪವಾದ ಬಿಟ್ಟು, 8ನೇ ಅಥವಾ ನಂತರದ ತಲೆಮಾರಿನ ಪ್ರೊಸೆಸರ್ ಇರಬೇಕು. ಅದಕ್ಕಿಂತ ಹಳೆಯದು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಯೋಚಿಸಿ.

ಮಾತು: 1 ಟಿಬಿ ಇದ್ದರೆ ಸ್ಪೀಡ್ ಜಾಸ್ತಿ.

ನಿಜ: ಟಿಬಿ ಎಂಬುದು ಜಾಗದ ಅಳತೆ, ವೇಗದ್ದಲ್ಲ. 1 ಟಿಬಿ ಹಾರ್ಡ್ ಡಿಸ್ಕ್‌ಗಿಂತ 512 ಜಿಬಿ ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪ್ ಬಹಳ ಬೇಗ ಆನ್ ಆಗುತ್ತದೆ. ಓದು, ಟೈಪಿಂಗ್, ಆನ್‌ಲೈನ್ ಅರ್ಜಿಯಂಥ ಕೆಲಸಕ್ಕೆ 8 ಜಿಬಿ ರ‍್ಯಾಮ್ ಸಾಕು. ಎಂಜಿನಿಯರಿಂಗ್, ವಿಡಿಯೊ ಎಡಿಟಿಂಗ್ ಇದ್ದರೆ 16 ಜಿಬಿ ಇರಲಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ. ‘ಮುಂದೆ ರ‍್ಯಾಮ್ ಹೆಚ್ಚಿಸಬಹುದೇ?’ ಎಂದು ಮೊದಲೇ ಕೇಳಿ.

ನೀವು ಮಾಡುವ ಕೆಲಸವನ್ನೂ ನೆನಪಿಡಿ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡುವವರಿಗೆ ವಿಂಡೋಸ್ ಇರುವ ಯಂತ್ರವೇ ಬೇಕು. ಬರೀ ಇಂಟರ್‌ನೆಟ್ ನೋಡುವ ಗೆಳೆಯರು ಕ್ರೋಮ್‌ಬುಕ್ ಹೊಗಳಿದರೆಂದು ಅದನ್ನು ತಂದರೆ ನಿಮ್ಮ ಕೆಲಸ ನಿಲ್ಲುತ್ತದೆ.

ಟಿವಿ: ಕೇಳಿಬರುವ ಮಾತು, ನಿಜ ಸಂಗತಿ

ಮಾತು: 4ಕೆ ತಗೊಂಡರೆ ಎಲ್ಲ ಚಾನೆಲ್ ಸ್ಪಷ್ಟ.

ನಿಜ: ಟಿವಿಗೆ ಬರುವ ಚಿತ್ರ ಎಷ್ಟು ಸ್ಪಷ್ಟವೋ ಕಾಣುವುದೂ ಅಷ್ಟೇ. ಡಿಡಿ ಫ್ರೀ ಡಿಶ್‌ನ ಬಹುತೇಕ ಚಾನೆಲ್‌ಗಳು ಎಚ್‌ಡಿ ಕೂಡ ಅಲ್ಲ. ಅಂಥ ಚಿತ್ರವನ್ನು ದೊಡ್ಡ 4ಕೆ ಪರದೆಯಲ್ಲಿ ಹಿಗ್ಗಿಸಿದರೆ ಕೆಲವೊಮ್ಮೆ ಇನ್ನೂ ಮಸುಕಾಗಿ ಕಾಣುತ್ತದೆ. 4ಕೆ ಕಾಣಬೇಕಾದರೆ 4ಕೆ ವಿಡಿಯೊವೂ ಅದಕ್ಕೆ ತಕ್ಕ ಇಂಟರ್‌ನೆಟ್ಟೂ ಬೇಕು.

ಕೂರುವ ದೂರವೂ ಲೆಕ್ಕಕ್ಕೆ ಬರುತ್ತದೆ. 43 ಇಂಚಿನ ಫುಲ್ ಎಚ್‌ಡಿ ಪರದೆಯ ಒಂದು ಚುಕ್ಕೆ ಸುಮಾರು ಅರ್ಧ ಮಿಲಿಮೀಟರ್. ಸಾಮಾನ್ಯ ದೃಷ್ಟಿಯವರು ಐದೂವರೆ ಅಡಿಗಿಂತ ಹಿಂದೆ ಕೂತರೆ ಆ ಚುಕ್ಕೆಗಳು ಬೇರೆಬೇರೆಯಾಗಿ ಕಾಣುವುದಿಲ್ಲ. ಪಡಸಾಲೆಯಲ್ಲಿ ಹತ್ತು ಅಡಿ ದೂರ ಕೂತು ನೋಡುವವರಿಗೆ ಆ ಗಾತ್ರದಲ್ಲಿ ಫುಲ್ ಎಚ್‌ಡಿಗೂ 4ಕೆಗೂ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಬೆಲೆ ಹೆಚ್ಚುಕಡಿಮೆ ಒಂದೇ ಇದ್ದರೆ 4ಕೆ ಕೊಳ್ಳಿ, ತಪ್ಪಿಲ್ಲ. ಅದಕ್ಕಾಗಿ ಸಾಲ ಮಾಡಬೇಡಿ.

ಮಾತು: ಎಲ್‌ಸಿಡಿ ಹಳೇದು, ಎಲ್‌ಇಡಿ ಬೇರೆ ಟೆಕ್ನಾಲಜಿ.

ನಿಜ: ಅಂಗಡಿಯಲ್ಲಿ ಎಲ್‌ಇಡಿ ಟಿವಿ ಎಂದು ಮಾರುವುದೂ ಎಲ್‌ಸಿಡಿ ಪರದೆಯೇ. ಅದರ ಹಿಂದೆ ಬೆಳಕು ಕೊಡಲು ಎಲ್‌ಇಡಿ ದೀಪಗಳಿರುತ್ತವೆ, ಅಷ್ಟೇ. ನಿಜವಾಗಿ ಬೇರೆಯದು ಓಎಲ್‌ಇಡಿ. ಅದರಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ, ಬೆಲೆಯೂ ಹೆಚ್ಚು.

ಮಾತು: ಸ್ಟೆಬಿಲೈಸರ್ ಇದ್ದರೆ ಸಿಡಿಲಿಗೂ ಭಯವಿಲ್ಲ.

ನಿಜ: ಈಗಿನ ಬಹಳಷ್ಟು ಟಿವಿಗಳು ಮತ್ತು ಲ್ಯಾಪ್‌ಟಾಪ್ ಚಾರ್ಜರ್‌ಗಳು 100ರಿಂದ 240 ವೋಲ್ಟ್‌ವರೆಗೆ ಕೆಲಸ ಮಾಡುತ್ತವೆ. ಟಿವಿ ಹಿಂದೆ, ಚಾರ್ಜರ್ ಮೇಲೆ ಇದನ್ನು ಬರೆದಿರುತ್ತಾರೆ. ಹಾಗಾಗಿ ವೋಲ್ಟೇಜ್ ಕಡಿಮೆಯಾದರೆ ಅಷ್ಟು ಅಪಾಯವಿಲ್ಲ, ಮಿತಿ ಮೀರಿ ಏರಿದರೆ ಮತ್ತು ಸಿಡಿಲು ಬಡಿದರೆ ಅಪಾಯ. ಸಿಡಿಲನ್ನು ಸ್ಟೆಬಿಲೈಸರ್ ತಡೆಯುವುದಿಲ್ಲ. ಮನೆಗೆ ಸರಿಯಾದ ಅರ್ಥಿಂಗ್ ಇರಲಿ. ಮುಂಗಾರಿಗೆ ಮುಂಚಿನ ಗುಡುಗು ಮಳೆಯ ದಿನಗಳಲ್ಲಿ, ಗುಡುಗು ಶುರುವಾಗುವ ಮೊದಲೇ ಪ್ಲಗ್ ಜೊತೆಗೆ ಡಿಶ್ ಕೇಬಲ್ಲನ್ನೂ ತೆಗೆದಿಡಿ. ಸಿಡಿಲಿನಿಂದಾದ ಹಾನಿ ಸಾಮಾನ್ಯವಾಗಿ ವಾರಂಟಿಯಲ್ಲಿ ಸೇರುವುದಿಲ್ಲ.

ಮಾತು: ಜಿಎಸ್‌ಟಿ ಇಳಿದಿದೆ, ಟಿವಿ, ಲ್ಯಾಪ್‌ಟಾಪ್ ಎಲ್ಲ ಶೇ 10 ಅಗ್ಗ.

ನಿಜ: 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ತೆರಿಗೆ ಶೇ 28ರಿಂದ 18ಕ್ಕೆ ಇಳಿಯಿತು. 32 ಇಂಚು ಮತ್ತು ಅದಕ್ಕಿಂತ ಚಿಕ್ಕ ಟಿವಿಗಳಿಗೆ ಮೊದಲೇ ಶೇ 18 ಇತ್ತು. ಲ್ಯಾಪ್‌ಟಾಪ್‌ಗೂ ಶೇ 18 ಇತ್ತು, ಅದರಲ್ಲಿ ಬದಲಾವಣೆ ಆಗಲಿಲ್ಲ. ತೆರಿಗೆ ಬಿಟ್ಟು 30,000 ರೂಪಾಯಿ ಇದ್ದ ದೊಡ್ಡ ಟಿವಿ 38,400ರಿಂದ 35,400ಕ್ಕೆ ಇಳಿಯುತ್ತದೆ. ಅಂದರೆ ಕೊಡುವ ಬೆಲೆಯಲ್ಲಿ ಇಳಿಕೆ ಶೇ 8ಕ್ಕೂ ಸ್ವಲ್ಪ ಕಡಿಮೆ.

ಹಾಗಾದರೆ ಗೆಳೆಯರನ್ನು ಏನು ಕೇಳಬೇಕು?

ಅಂಕಿಅಂಶ ಎಲ್ಲರಿಗೂ ಆನ್‌ಲೈನ್‌ನಲ್ಲಿ ಸಿಗುತ್ತದೆ. ನಿಮ್ಮೂರಿನ ಅನುಭವ ಮಾತ್ರ ನಿಮ್ಮೂರಿನವರ ಹತ್ತಿರವೇ ಇರುತ್ತದೆ. ಆದ್ದರಿಂದ ‘ಯಾವುದು ತಗೋಳೂಣ್ರಿ?’ ಎನ್ನುವ ಬದಲು ಹೀಗೆ ಕೇಳಿ ನೋಡಿ:

‘ನೀವು ಯಾವಾಗ ತಗೊಂಡಿರಿ, ಪೂರ್ತಿ ಮಾದರಿ ಸಂಖ್ಯೆ ಏನು?’
‘ಅದರಾಗ ದಿನಾ ಏನು ಕೆಲಸ ಮಾಡ್ತೀರಿ?’
‘ಕೆಟ್ಟಾಗ ರಿಪೇರಿಯವರು ಮನೆಗೆ ಬಂದ್ರಾ, ನೀವೇ ವಿಜಯಪುರಕ್ಕ ಒಯ್ದ್ರಾ? ಎಷ್ಟು ದಿನ ಹಿಡೀತು?’
‘ಈಗ ಮತ್ತ ತಗೋಳೂದಾದ್ರ ಅದನ್ನ ತಗೋತೀರಾ?’

ಮೂರನೇ ಪ್ರಶ್ನೆ ನಮ್ಮ ತಾಲ್ಲೂಕುಗಳಿಗೆ ಬಹಳ ಮುಖ್ಯ. ಇಂಡಿಯವರು ಸೋಲಾಪುರದಲ್ಲೋ ವಿಜಯಪುರದಲ್ಲೋ ಟಿವಿ ಕೊಳ್ಳಬಹುದು, ಮುದ್ದೇಬಿಹಾಳದವರು ಆನ್‌ಲೈನ್‌ನಲ್ಲಿ ತರಿಸಬಹುದು. ಆದರೆ ರಿಪೇರಿಯವರು ಬರಬೇಕಾದದ್ದು ನಿಮ್ಮ ಮನೆಗೆ. ಪರದೆ ಕೆಟ್ಟ 43 ಇಂಚಿನ ಟಿವಿಯನ್ನು ಬಸ್ಸಿನಲ್ಲಿ ಒಯ್ಯಲಾಗುವುದಿಲ್ಲ. ಕೊಳ್ಳುವ ಮೊದಲೇ ಕಂಪನಿಯ ಗ್ರಾಹಕ ಸಂಖ್ಯೆಗೆ ಫೋನ್ ಮಾಡಿ, 586ರಿಂದ ಶುರುವಾಗುವ ನಿಮ್ಮ ಪಿನ್‌ಕೋಡ್ ಹೇಳಿ, ‘ಇಲ್ಲಿಗೆ ಮನೆಗೇ ಬಂದು ರಿಪೇರಿ ಮಾಡ್ತೀರಾ?’ ಎಂದು ಕೇಳಿ. ಬಳಿಕ ಅದೇ ಊರಿನ ಒಬ್ಬಿಬ್ಬರ ಅನುಭವ ವಿಚಾರಿಸಿ.

ಹೆಸರೇ ಕೇಳಿರದ ಕಂಪನಿಯ ಟಿವಿ ಅಗ್ಗಕ್ಕೆ ಸಿಕ್ಕರೆ ಅದರ ಮೇಲೆ ಬಿಐಎಸ್ ನೋಂದಣಿ ಗುರುತು ಮತ್ತು ‘ಆರ್’ ಅಕ್ಷರದಿಂದ ಶುರುವಾಗುವ ಸಂಖ್ಯೆ ಇದೆಯೇ ನೋಡಿ. ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿ ನಿಜವೋ ಸುಳ್ಳೋ ತಿಳಿಯಬಹುದು.

‘ಬಿಲ್ ಬ್ಯಾಡ್ರಿ, ಕಡಿಮೆ ಮಾಡಿ ಕೊಡ್ತೀನಿ’

ಪರಿಚಯದ ಅಂಗಡಿಯಲ್ಲಿ ಈ ಮಾತು ಬಂದರೆ ಒಪ್ಪಬೇಡಿ. ಬಿಲ್ ಇಲ್ಲದೆ ವಾರಂಟಿ ಕೇಳುವುದು ಕಷ್ಟ, ದೂರು ಕೊಡುವುದೂ ಕಷ್ಟ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ವಾಪಸ್ ಪಡೆಯಲು ನಿರಾಕರಿಸುವುದೂ ಹಾಗೆಯೇ. ‘ಮಾರಿದ ಮಾಲು ವಾಪಸ್ ಇಲ್ಲ’ ಎಂಬ ಬೋರ್ಡು ಈ ಹಕ್ಕನ್ನು ಕಿತ್ತುಕೊಳ್ಳಲಾರದು.

ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿ ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ನೀವು ಸೋಲಾಪುರದಲ್ಲಿ ಕೊಂಡಿದ್ದರೂ ಆನ್‌ಲೈನ್‌ನಲ್ಲಿ ತರಿಸಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ, ಅಂದರೆ ವಿಜಯಪುರದಲ್ಲೇ, ದೂರು ಕೊಡಲು ಕಾಯ್ದೆಯಲ್ಲಿ ಅವಕಾಶವಿದೆ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ದೂರಿನ ಶುಲ್ಕವಿಲ್ಲ.

ಫಾರ್ವರ್ಡ್ ಮಾಡುವ ಮುನ್ನ

‘ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್, ಈ ಲಿಂಕ್ ಒತ್ತಿ’ ಎಂಬ ಸಂದೇಶಗಳನ್ನು ಕೇಂದ್ರದ ಪಿಐಬಿ ಫ್ಯಾಕ್ಟ್ ಚೆಕ್ ಹಲವು ಬಾರಿ ಸುಳ್ಳು ಎಂದು ಹೇಳಿದೆ. ಸರ್ಕಾರದ ನಿಜವಾದ ಯೋಜನೆ ಏನಾದರೂ ಇದ್ದರೆ ಕಾಲೇಜಿನಲ್ಲಿ ಅಥವಾ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿದರೆ ಗೊತ್ತಾಗುತ್ತದೆ. ಲಿಂಕ್ ಒತ್ತಿ ಆಧಾರ್, ಬ್ಯಾಂಕ್ ವಿವರ ಕೊಡಬೇಡಿ.

ಇನ್ನು ನಿಮ್ಮನ್ನೇ ಯಾರಾದರೂ ಸಲಹೆ ಕೇಳಿದರೆ ಹೆಸರಿನ ಜೊತೆ ಷರತ್ತನ್ನೂ ಹೇಳಿ: ‘ನಾನು ಇಂಥ ವರ್ಷ, ಇಂಥ ಕೆಲಸಕ್ಕೆ, ಇಷ್ಟು ಕೊಟ್ಟು ತಗೊಂಡೆ. ನಿಮ್ಮ ಕೆಲಸ ಬ್ಯಾರೆ ಇದ್ರ ಇದು ಆಗಲಿಕ್ಕಿಲ್ಲ.’ ನಮ್ಮಣ್ಣ ಅಂದು ಇಷ್ಟು ಹೇಳಿದ್ದರೆ, ನಾವಾದರೂ ‘ಎಷ್ಟನೇ ತಲೆಮಾರಿನ ಐ7?’ ಎಂದು ತಿರುಗಿ ಕೇಳಿದ್ದರೆ, ತೊಗರಿಯ ದುಡ್ಡು ಉಳಿಯುತ್ತಿತ್ತು.